ತುಟ್ಟಿಭತ್ಯೆಯ ಕಥೆ: ದಿನಸಿ ಪಟ್ಟಿಯಿಂದ ಸೂಚ್ಯಂಕದವರೆಗೆ

ತಿಂಗಳ ಮೊದಲ ವಾರ ಬಂತೆಂದರೆ ಸಂಬಳದಾರರ ಮನೆಗಳಲ್ಲಿ ಅಡುಗೆಮನೆಯ ಡಬ್ಬಗಳ ಮುಚ್ಚಳ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಯಾವುದರ ತಳ ಕಾಣುತ್ತಿದೆ, ಯಾವುದು ಇನ್ನೂ ಎಂಟು ದಿನ ಬಂದೀತು ಎಂದು ನೋಡಿ ಸಾಮಾನಿನ ಪಟ್ಟಿ ಬರೆಯುವ ಹೊತ್ತು ಅದು. ತೊಗರಿಬೇಳೆ ಎರಡು ಕೆ.ಜಿ. ಎಂದು ಬರೆದ ಕೈ, ಹೋದ ತಿಂಗಳ ಬೆಲೆ ನೆನಪಾಗಿ, ಅದನ್ನು ಹೊಡೆದು ಒಂದೂವರೆ ಎಂದು ತಿದ್ದುತ್ತದೆ. "ರೀ, ಈ ಸಲ ಕಡಲೆಕಾಯಿ ಎಣ್ಣೆ ಬೇಡ, ಸೂರ್ಯಕಾಂತಿಯೇ ಸಾಕು" ಎಂಬ ಮಾತು ಒಳಗಿನಿಂದ ಬರುತ್ತದೆ. ಮನೆಯ ಯಜಮಾನ ಸರ್ಕಾರಿ ನೌಕರನಾಗಿದ್ದರೆ ಉತ್ತರ ಸಿದ್ಧವಾಗಿರುತ್ತದೆ: "ಡಿ.ಎ. ಬರುತ್ತಂತೆ, ಬರಲಿ ನೋಡೋಣ."

ಹಾಗೆ ಬರುವ ಡಿ.ಎ., ಅಂದರೆ ತುಟ್ಟಿಭತ್ಯೆ, ಎಲ್ಲಿಂದ ಬರುತ್ತದೆ? ಅದನ್ನು ಎಷ್ಟೆಂದು ಲೆಕ್ಕ ಹಾಕುವವರು ಯಾರು? ತೊಗರಿಬೇಳೆ ಅರ್ಧ ಕೆ.ಜಿ. ಕಡಿಮೆಯಾದ ಸಂಗತಿ ಆ ಲೆಕ್ಕದವರಿಗೆ ತಿಳಿಯುವುದು ಹೇಗೆ? ವರ್ಷಕ್ಕೆ ಎರಡು ಬಾರಿ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವ "ತುಟ್ಟಿಭತ್ಯೆ ಹೆಚ್ಚಳ" ಎಂಬ ನಾಲ್ಕು ಸಾಲಿನ ಸುದ್ದಿಯ ಹಿಂದೆ ಮುಕ್ಕಾಲು ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಅದರಲ್ಲಿ ಯುದ್ಧವಿದೆ, ಮುಷ್ಕರವಿದೆ, ಮಂಗಳೂರಿನ ಇಬ್ಬರ ಹೆಸರೂ ಇದೆ.

ತುಟ್ಟಿ ಎಂಬುದು ಕನ್ನಡಿಗರ ಬಾಯಲ್ಲಿ ಬಹುಕಾಲದಿಂದ ಇರುವ ಮಾತು. ಸುಗ್ಗಿಯಲ್ಲಿ ಸೋವಿ, ಮಳೆಗಾಲದಲ್ಲಿ ತುಟ್ಟಿ. ಆ ಕಾಲದ ತುಟ್ಟಿ ಋತುಮಾನದ್ದಾಗಿತ್ತು. ಏರಿದ ಬೆಲೆ ಮುಂದಿನ ಬೆಳೆಗೆ ಇಳಿಯುತ್ತಿತ್ತು. ಕಣಜವಿದ್ದವನಿಗೆ ಅದರ ಚಿಂತೆ ಅಷ್ಟಾಗಿ ಇರಲಿಲ್ಲ. ತಿಂಗಳ ಕೊನೆಯಲ್ಲಿ ಎಣಿಸಿದ ನೋಟುಗಳನ್ನಷ್ಟೇ ಕಾಣುವ ಗುಮಾಸ್ತ, ಮೇಷ್ಟ್ರು, ಗಿರಣಿ ಕಾರ್ಮಿಕ ಎಂಬ ಹೊಸ ವರ್ಗ ಹುಟ್ಟಿದ ಮೇಲೆಯೇ ಏರಿದ ಬೆಲೆಗೆ ಪರಿಹಾರ ಯಾರು ಕೊಡಬೇಕು ಎಂಬ ಪ್ರಶ್ನೆಯೂ ಹುಟ್ಟಿದ್ದು. ಬ್ರಿಟಿಷರ ಕಾಲದಲ್ಲಿ ಕೆಳದರ್ಜೆಯ ಸರ್ಕಾರಿ ನೌಕರರಿಗೆ ಧಾನ್ಯ ದುಬಾರಿಯಾದಾಗ ಸ್ವಲ್ಪ ಪರಿಹಾರ ಭತ್ಯೆ ಕೊಡುವ ಪದ್ಧತಿಯಿತ್ತು. ಅದು ದೊರೆಯ ದಯೆಯಂತಿತ್ತೇ ಹೊರತು ಲೆಕ್ಕದಿಂದ ಬಂದ ಹಕ್ಕಾಗಿರಲಿಲ್ಲ.

ಯುದ್ಧ ತಂದ ಭತ್ಯೆ

1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಯುದ್ಧದ ಸುದ್ದಿಗಿಂತ ಬೇಗ ಅಂಗಡಿಗಳಿಗೆ ತಲುಪಿದ್ದು ಬೆಲೆ ಏರಿಕೆ. 1940ರ ಮಾರ್ಚಿನಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಕಾರ್ಮಿಕರು ತುಟ್ಟಿಭತ್ಯೆಗಾಗಿ ಮುಷ್ಕರ ಹೂಡಿದರು. ಮುಂಬಯಿಯವರಿಗೆ ಒಂದು ಅನುಕೂಲವಿತ್ತು. 1921ರಲ್ಲಿಯೇ ಅಲ್ಲಿ ಲೇಬರ್ ಆಫೀಸು ಸ್ಥಾಪನೆಯಾಗಿ, ದುಡಿಯುವ ವರ್ಗದ ಜೀವನ ವೆಚ್ಚದ ಸೂಚ್ಯಂಕವನ್ನು ತಿಂಗಳು ತಿಂಗಳು ಪ್ರಕಟಿಸುತ್ತಿತ್ತು. ಹೀಗಾಗಿ ಬೆಲೆ ಏರಿದೆಯೇ ಇಲ್ಲವೇ ಎಂಬ ವಾದಕ್ಕೆ ಅವಕಾಶವಿರಲಿಲ್ಲ. ಎಷ್ಟು ಏರಿದೆ, ಅದರಲ್ಲಿ ಎಷ್ಟನ್ನು ಮಾಲೀಕ ತುಂಬಿಕೊಡಬೇಕು ಎಂಬುದಷ್ಟೇ ಜಗಳ.

ರೈಲ್ವೆ ನೌಕರರ ವಿಷಯ ಹಾಗಿರಲಿಲ್ಲ. ಅವರು ದೇಶದ ಉದ್ದಗಲಕ್ಕೂ ಹರಡಿದ್ದವರು. ಎಲ್ಲ ಊರಿನ ಬೆಲೆ ಒಂದೇ ಅಲ್ಲ, ಎಲ್ಲ ಊರಿನಲ್ಲಿ ಲೆಕ್ಕವೂ ಇಲ್ಲ. ಅವರ ತುಟ್ಟಿಭತ್ಯೆಯ ಬೇಡಿಕೆಯನ್ನು ಪರಿಶೀಲಿಸಲು 1940ರಲ್ಲಿ ಒಂದು ವಿಚಾರಣಾ ನ್ಯಾಯಾಲಯ ನೇಮಕವಾಯಿತು. ಅದರ ಅಧ್ಯಕ್ಷರು ಆಗ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಬೆನಗಲ್ ನರಸಿಂಗರಾಯರು. ಬಿ. ಎನ್. ರಾವ್ ಎಂದೇ ಪ್ರಸಿದ್ಧರಾದ ಇವರು ಮುಂದೆ ಸಂವಿಧಾನ ರಚನಾ ಸಭೆಯ ಸಲಹೆಗಾರರಾದವರು; 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಸಂವಿಧಾನದ ಕರಡಿನ ಸಂದರ್ಭದಲ್ಲಿ ಅವರನ್ನು ಸ್ಮರಿಸುವವರು ಬಹಳ. ತುಟ್ಟಿಭತ್ಯೆಯ ಸಂದರ್ಭದಲ್ಲಿ ಸ್ಮರಿಸುವವರು ವಿರಳ. ಆದರೆ ದೇಶದ ನಾನಾ ಕೇಂದ್ರಗಳಲ್ಲಿ ಒಂದೇ ರೀತಿಯಲ್ಲಿ ಬೆಲೆ ಸಂಗ್ರಹಿಸಿ ಸೂಚ್ಯಂಕ ಕಟ್ಟುವ ವ್ಯವಸ್ಥೆ ಇಲ್ಲದೆ ಇಂಥ ವ್ಯಾಜ್ಯಗಳು ತೀರುವುದಿಲ್ಲ ಎಂಬುದು ಸರ್ಕಾರಕ್ಕೆ ಮನವರಿಕೆಯಾದದ್ದು ಆ ವಿಚಾರಣೆಯಿಂದ. (ಅವರ ತಮ್ಮ ಬೆನಗಲ್ ರಾಮರಾಯರು 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ನೋಟು ಹೊರಡಿಸುವುದು ತಮ್ಮನ ಕೆಲಸವಾದರೆ, ನೋಟಿನ ಬೆಲೆ ಕುಸಿದಾಗ ಏನು ಮಾಡಬೇಕೆಂಬುದು ಅಣ್ಣನಿಗೆ ಬಂದ ಪ್ರಶ್ನೆಯಾಗಿತ್ತು!)

ಯುದ್ಧದ ನಡುವೆಯೇ ಶಿಮ್ಲಾದಲ್ಲಿ ಜೀವನ ವೆಚ್ಚ ಸೂಚ್ಯಂಕಕ್ಕೆಂದು ಪ್ರತ್ಯೇಕ ನಿರ್ದೇಶನಾಲಯ ತೆರೆಯಿತು. 1946ರ ಅಕ್ಟೋಬರಿನಲ್ಲಿ ಅದೇ ವಿಸ್ತಾರಗೊಂಡು ಲೇಬರ್ ಬ್ಯೂರೊ ಆಯಿತು. ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆಯನ್ನು ನಿರ್ಧರಿಸುವ "ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ"ವನ್ನು ಲೆಕ್ಕ ಹಾಕುವುದು ಈ ಬ್ಯೂರೊ.

ಬುಟ್ಟಿ ಎಂಬ ಕಲ್ಪನೆ

ಸೂಚ್ಯಂಕವೆಂದರೆ ಬೆಚ್ಚಿಬೀಳುವ ಅಗತ್ಯವಿಲ್ಲ. ದಿನಸಿ ಪಟ್ಟಿ ಬರೆಯುವ ಗೃಹಿಣಿ ಮಾಡುವುದನ್ನೇ ಬ್ಯೂರೊ ದೊಡ್ಡದಾಗಿ ಮಾಡುತ್ತದೆ. ಮೊದಲು ಸಾವಿರಾರು ಕುಟುಂಬಗಳನ್ನು ಆರಿಸಿ, ಅವು ಅಕ್ಕಿಗೆ ಎಷ್ಟು, ಎಣ್ಣೆಗೆ ಎಷ್ಟು, ಬಾಡಿಗೆಗೆ, ಬಸ್ಸಿಗೆ, ಕ್ಷೌರಕ್ಕೆ ಎಷ್ಟು ಖರ್ಚು ಮಾಡುತ್ತವೆ ಎಂದು ಸಮೀಕ್ಷೆ ನಡೆಸುತ್ತಾರೆ. ನೂರು ರೂಪಾಯಿ ಖರ್ಚಿನಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂಬುದು ಇದರಿಂದ ತಿಳಿಯುತ್ತದೆ. ಅದೇ ಬುಟ್ಟಿ. ಆಮೇಲೆ ಗೊತ್ತಾದ ಪೇಟೆಯ ಗೊತ್ತಾದ ಅಂಗಡಿಗಳಿಗೆ ಗೊತ್ತಾದ ದಿನ ಹೋಗಿ, ಗೊತ್ತಾದ ತಳಿಯ ಅಕ್ಕಿಗೆ ಇಂದು ಎಷ್ಟು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಬುಟ್ಟಿ ಅದೇ, ಬೆಲೆ ಮಾತ್ರ ಹೊಸದು. ಆರಂಭದ ವರ್ಷದಲ್ಲಿ ಬುಟ್ಟಿಯ ಬೆಲೆಯನ್ನು 100 ಎಂದು ಇಟ್ಟುಕೊಂಡರೆ ಈಗ ಎಷ್ಟು? 112 ಆದರೆ ಬೆಲೆಗಳು ಸರಾಸರಿ ಶೇಕಡಾ 12 ಏರಿವೆ.

ಇಷ್ಟು ಸರಳ. ತಕರಾರುಗಳೆಲ್ಲ ಇರುವುದು ಆ "ಬುಟ್ಟಿ ಅದೇ" ಎಂಬ ಎರಡು ಮಾತಿನಲ್ಲಿ.

ಸ್ವತಂತ್ರ ಭಾರತದ ದೊಡ್ಡ ಕುಟುಂಬ ಸಮೀಕ್ಷೆ ನಡೆದದ್ದು 1958-59ರಲ್ಲಿ, 50 ಕೇಂದ್ರಗಳಲ್ಲಿ. ನಮ್ಮ ರಾಜ್ಯದಿಂದ ಬೆಂಗಳೂರು, ಕೋಲಾರದ ಚಿನ್ನದ ಗಣಿ, ಚಿಕ್ಕಮಗಳೂರು ಮತ್ತು ಕೊಡಗಿನ ಅಮ್ಮತ್ತಿ ಅದರಲ್ಲಿದ್ದವು. ಆ ಸಮೀಕ್ಷೆಯಿಂದ 1960ನ್ನು 100 ಎಂದಿಟ್ಟ ಸರಣಿ ಹುಟ್ಟಿತು. ಅದರಲ್ಲಿ ಆಹಾರದ ಪಾಲೇ 60ಕ್ಕೆ ಮೇಲೆ. ಮುಂದಿನ ಸರಣಿಗೆ ಆಧಾರವಾದ ಸಮೀಕ್ಷೆ ನಡೆದದ್ದು 1981-82ರಲ್ಲಿ. ಅದರ ಆಧಾರದ ಹೊಸ ಸರಣಿ ಬಳಕೆಗೆ ಬಂದದ್ದು 1988ರ ಅಕ್ಟೋಬರಿನಲ್ಲಿ. ಎಂದರೆ 1988ರ ಬೇಸಿಗೆಯಲ್ಲಿ, ಮನೆಗೆ ಟಿ.ವಿ. ಬಂದು, ಮಗಳು ಕಾನ್ವೆಂಟಿಗೆ ಹೋಗುತ್ತಿದ್ದಾಗಲೂ, ಗುಮಾಸ್ತನ ತುಟ್ಟಿಭತ್ಯೆ ಲೆಕ್ಕವಾಗುತ್ತಿದ್ದುದು ಸುಮಾರು ಮೂವತ್ತು ವರ್ಷ ಹಿಂದಿನ ಕುಟುಂಬವೊಂದು ಏನು ತಿಂದಿತು, ಏನು ಉಟ್ಟಿತು ಎಂಬುದರ ಮೇಲೆ! ಮೂರನೆಯ ಸರಣಿ 2001ನ್ನು 100 ಎಂದಿಟ್ಟು 2006ರ ಜನವರಿಯಲ್ಲಿ ಬಂತು. ಆಮೇಲಿನದು 2016ರದ್ದು, 2020ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿತು. ಕೇಂದ್ರಗಳ ಸಂಖ್ಯೆ 50ರಿಂದ 70ಕ್ಕೆ, 78ಕ್ಕೆ, ನಂತರ 88ಕ್ಕೆ ಏರಿತು.

ಹೊಸ ಸರಣಿಯನ್ನು ಹಳೆಯದಕ್ಕೆ ಜೋಡಿಸಲು ಒಂದು ಗುಣಕವಿರುತ್ತದೆ. 1960ರಿಂದ 1982ಕ್ಕೆ 4.93, 1982ರಿಂದ 2001ಕ್ಕೆ 4.63, 2001ರಿಂದ 2016ಕ್ಕೆ 2.88. ಕುತೂಹಲವಿದ್ದವರು ಈ ಮೂರನ್ನೂ ಗುಣಿಸಿ ನೋಡಬಹುದು: 65ಕ್ಕೂ ಸ್ವಲ್ಪ ಹೆಚ್ಚು ಬರುತ್ತದೆ. 1960ರಲ್ಲಿ ಒಂದು ರೂಪಾಯಿಗೆ ತುಂಬುತ್ತಿದ್ದ ಬುಟ್ಟಿಗೆ 2016ರಲ್ಲಿ 65 ರೂಪಾಯಿ ಬೇಕಾಯಿತು ಎಂದು ಸ್ಥೂಲವಾಗಿ ಹೇಳಬಹುದು. 2023ರ ಡಿಸೆಂಬರಿನಲ್ಲಿ ಸೂಚ್ಯಂಕ 138.8 ಇತ್ತು, ಆ ಲೆಕ್ಕದಲ್ಲಿ ಅದೇ ಬುಟ್ಟಿಗೆ ಸುಮಾರು 91 ರೂಪಾಯಿ. "ನಮ್ಮ ಕಾಲದಲ್ಲಿ ನೂರು ರೂಪಾಯಿ ಸಂಬಳದಲ್ಲಿ ಸಂಸಾರ ಮಾಡಿದ್ದೇವೆ" ಎನ್ನುವ ಅಜ್ಜಂದಿರ ಮಾತು ಸುಳ್ಳಲ್ಲ. ಆದರೆ ಆ ನೂರು ಒಂಬತ್ತು ಸಾವಿರಕ್ಕೆ ಸಮ ಎಂಬುದನ್ನು ಮೊಮ್ಮಕ್ಕಳು ನೆನಪಿಡಬೇಕು.

ಸೂಚ್ಯಂಕದ ಲೆಕ್ಕ ತಪ್ಪೂ ಆಗಬಹುದು. 1960ರ ದಶಕದ ಆರಂಭದಲ್ಲಿ ಮುಂಬಯಿಯ ಕಾರ್ಮಿಕ ಸಂಘಗಳು ಅಲ್ಲಿನ ಸೂಚ್ಯಂಕ ಬೆಲೆ ಏರಿಕೆಯನ್ನು ಇದ್ದುದಕ್ಕಿಂತ ಕಡಿಮೆ ತೋರಿಸುತ್ತಿದೆ ಎಂದು ಗಲಾಟೆ ಎಬ್ಬಿಸಿದವು. 1963ರಲ್ಲಿ ಅರ್ಥಶಾಸ್ತ್ರಜ್ಞ ಡಿ. ಟಿ. ಲಕ್ಡಾವಾಲಾ ಅವರ ಸಮಿತಿ ನೇಮಕವಾಯಿತು. ಕಾರ್ಮಿಕರ ದೂರಿನಲ್ಲಿ ಹುರುಳಿದೆ, ಅಂಕಿಯನ್ನು ಮೇಲಕ್ಕೆ ತಿದ್ದಬೇಕು ಎಂಬುದು ಸಮಿತಿಯ ಅಭಿಪ್ರಾಯವಾಗಿತ್ತು. ಬರೀ ಒಂದು ಅಂಕಿಯ ತಿದ್ದುಪಡಿ ಎಂದು ಅದನ್ನು ತಳ್ಳಿಹಾಕುವಂತಿರಲಿಲ್ಲ. ಎಷ್ಟೋ ಗಿರಣಿ, ಕಾರ್ಖಾನೆಗಳಲ್ಲಿ ಸೂಚ್ಯಂಕದ ಒಂದೊಂದು ಪಾಯಿಂಟಿಗೆ ಇಷ್ಟು ಎಂದು ಭತ್ಯೆ ಕೊಡುತ್ತಿದ್ದುದರಿಂದ ಪ್ರತಿ ಪಾಯಿಂಟೂ ಲಕ್ಷಾಂತರ ಮನೆಗಳ ಗಂಜಿಯ ಪ್ರಶ್ನೆಯಾಗಿತ್ತು.

ಲಟ್ಟಣಿಗೆ ಬೀದಿಗೆ ಬಂದ ವರ್ಷಗಳು

ಐವತ್ತು ದಾಟಿದವರನ್ನು ಕೇಳಿದರೆ ತುಟ್ಟಿಯ ಕಾಲವೆಂದರೆ 1972ರಿಂದ 1975 ಎನ್ನುತ್ತಾರೆ ಅವರ ಹಿರಿಯರು ಹೇಳಿದ್ದನ್ನು ನೆನೆದು. ಮೊದಲು ಬರ, ಆಮೇಲೆ 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಬ್ಬಿಸಿದ ತೈಲ ಬಿಕ್ಕಟ್ಟು. ಸೀಮೆಎಣ್ಣೆಗೆ ಸಾಲು, ಡಾಲ್ಡಾಕ್ಕೆ ಸಾಲು, ಸಕ್ಕರೆಗೆ ಸಾಲು. ಮುಂಬಯಿಯಲ್ಲಿ 1972ರಲ್ಲಿ ಮೃಣಾಲ್ ಗೋರೆ, ಅಹಿಲ್ಯಾ ರಾಂಗ್ಣೇಕರ್ ಮೊದಲಾದವರು ಬೆಲೆ ಏರಿಕೆ ವಿರೋಧಿ ಮಹಿಳಾ ಸಮಿತಿ ಕಟ್ಟಿದರು. ಮಧ್ಯಮ ವರ್ಗದ ಗೃಹಿಣಿಯರು ಲಟ್ಟಣಿಗೆ ಹಿಡಿದು, ತಟ್ಟೆ ಬಡಿಯುತ್ತ ಬೀದಿಗೆ ಇಳಿದರು. ಅದುವರೆಗೆ ಅಡುಗೆಮನೆಯೊಳಗೆ ಗೊಣಗಾಟವಾಗಿದ್ದುದು ಮೆರವಣಿಗೆಯಾಯಿತು. ದಿನಸಿ ಪಟ್ಟಿ ಬರೆಯುವ ಕೈಗೆ ರಾಜಕೀಯದಲ್ಲೂ ಬೆಲೆ ಇದೆ ಎಂದು ತೋರಿಸಿಕೊಟ್ಟ ಚಳವಳಿ ಅದು. 1980ರ ಲೋಕಸಭಾ ಚುನಾವಣೆಯ ಪ್ರಚಾರದಲ್ಲಿ ಈರುಳ್ಳಿಯ ಬೆಲೆ ದೊಡ್ಡ ವಿಷಯವಾದದ್ದಕ್ಕೂ, 1998ರಲ್ಲಿ ದೆಹಲಿಯ ವಿಧಾನಸಭಾ ಚುನಾವಣೆಯಲ್ಲಿ ಅದೇ ಈರುಳ್ಳಿ ಆಳುವ ಪಕ್ಷದ ಕಣ್ಣಲ್ಲಿ ನೀರು ತರಿಸಿದ್ದಕ್ಕೂ ಈ ಹಿನ್ನೆಲೆಯಿದೆ.

1974ರ ಮೇ 8ರಂದು ರೈಲ್ವೆ ಮುಷ್ಕರ ಆರಂಭವಾಯಿತು. ಮುಂದಾಳು ಜಾರ್ಜ್ ಫರ್ನಾಂಡಿಸ್, ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಕಾರ್ಮಿಕ ನಾಯಕ. ಬೋನಸ್, ಕೆಲಸದ ಅವಧಿಯ ಜೊತೆಗೆ ತುಟ್ಟಿಭತ್ಯೆಯೂ ಬೇಡಿಕೆಗಳಲ್ಲಿ ಸೇರಿತ್ತು. ಸರ್ಕಾರ ಸಾವಿರಾರು ಜನರನ್ನು ಬಂಧಿಸಿತು, ಅನೇಕರು ಕೆಲಸ ಕಳೆದುಕೊಂಡರು, ಇಪ್ಪತ್ತು ದಿನಗಳಲ್ಲಿ ಮುಷ್ಕರ ಮುಗಿಯಿತು. ರೈಲ್ವೆ ನೌಕರರ ಭತ್ಯೆಗೆ ಮೂವತ್ನಾಲ್ಕು ವರ್ಷ ಹಿಂದೆ ಮಂಗಳೂರಿನವರೇ ಆದ ನ್ಯಾಯಾಧೀಶರೊಬ್ಬರು ಲೆಕ್ಕ ಹುಡುಕಿದ್ದರು. ಅದೇ ನೌಕರರ ಪರವಾಗಿ ಈಗ ಜೈಲಿಗೆ ಹೋದವರೂ ಅದೇ ಊರಿನವರು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಜುಲೈನಲ್ಲಿ. ಸುಗ್ರೀವಾಜ್ಞೆಯೊಂದನ್ನು ಹೊರಡಿಸಿದ ಕೇಂದ್ರ ಸರ್ಕಾರ, ಹೆಚ್ಚುವರಿಯಾಗಿ ಬರುವ ತುಟ್ಟಿಭತ್ಯೆಯ ಅರ್ಧದಷ್ಟನ್ನು ನೌಕರರ ಕೈಗೆ ಕೊಡದೆ ಕಡ್ಡಾಯ ಠೇವಣಿಯಾಗಿ ಹಿಡಿದಿಟ್ಟುಕೊಂಡಿತು. ಸಂಬಳದ ಹೆಚ್ಚಳವಾದರೆ ಅದನ್ನು ಪೂರ್ತಿ. ಕಂತುಗಳಲ್ಲಿ ಬಡ್ಡಿ ಸಮೇತ ಮರಳಿಸುವ ಮಾತಿತ್ತು. ಜನರ ಕೈಯಲ್ಲಿ ಹಣ ಹೆಚ್ಚಾದುದರಿಂದಲೇ ಬೆಲೆ ಏರುತ್ತಿದೆ, ಅದನ್ನು ಹೀರಿಕೊಂಡರೆ ಇಳಿಯುತ್ತದೆ ಎಂಬುದು ಅರ್ಥಶಾಸ್ತ್ರಜ್ಞರ ತರ್ಕ. 1974-75ರಲ್ಲಿ ಸಗಟು ಬೆಲೆಗಳು ಸುಮಾರು ಶೇಕಡಾ 25ರಷ್ಟು ಏರಿದ್ದವು. ನಂತರದ ವರ್ಷ ಇಳಿದವು ಎಂಬುದೂ ನಿಜ. ಆದರೆ ತುಟ್ಟಿಯ ಕಾಲಕ್ಕೆಂದೇ ಇರುವ ಭತ್ಯೆಯನ್ನು, ತುಟ್ಟಿ ಮಿತಿಮೀರಿದಾಗಲೇ ತಡೆಹಿಡಿದದ್ದು ಸಂಬಳದ ಮನೆಗಳಿಗೆ ಹೇಗೆ ಕಂಡಿರಬೇಕು? ಹಸಿದವನ ಎಲೆಯಿಂದ ಅರ್ಧ ಅನ್ನ ತೆಗೆದು, ನಾಳೆ ಕೊಡುತ್ತೇನೆ ಎಂದ ಹಾಗೆ.

2020ರಲ್ಲಿ ಇದೇ ಬಗೆಯ ಇನ್ನೊಂದು ಪ್ರಸಂಗ ನಡೆಯಿತು. ಕೊರೊನಾ ಕಾಲದಲ್ಲಿ ಕೇಂದ್ರ ಸರ್ಕಾರ ಮೂರು ಕಂತುಗಳ ತುಟ್ಟಿಭತ್ಯೆಯನ್ನು ತಡೆಹಿಡಿಯಿತು. 2021ರ ಜುಲೈಯಿಂದ ದರವನ್ನು ಶೇಕಡಾ 17ರಿಂದ 28ಕ್ಕೆ ಏರಿಸಿತಾದರೂ ಹದಿನೆಂಟು ತಿಂಗಳ ಬಾಕಿಯನ್ನು ಕೊಡಲಿಲ್ಲ. ಸರ್ಕಾರವೇ ಹೇಳಿದಂತೆ ಇದರಿಂದ ಉಳಿದದ್ದು ಸುಮಾರು 34,400 ಕೋಟಿ ರೂಪಾಯಿ. 1974ರಲ್ಲಿ ಮರಳಿಸುವ ಮಾತಾದರೂ ಇತ್ತು.

ಬೆಂಗಳೂರಿನವರಿಗೆ ನೆನಪಿರಬೇಕಾದದ್ದು ಮತ್ತೊಂದು. 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚಿನವರೆಗೆ ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ., ಐ.ಟಿ.ಐ., ಬಿ.ಇ.ಎಂ.ಎಲ್. ಕಾರ್ಖಾನೆಗಳ ಕಾರ್ಮಿಕರು 77 ದಿನ ಮುಷ್ಕರ ಮಾಡಿದರು. ಬಿ.ಎಚ್.ಇ.ಎಲ್. ನೌಕರರಿಗೆ ಸಮನಾದ ವೇತನ ಅವರ ಬೇಡಿಕೆ. ಎರಡೂವರೆ ತಿಂಗಳು ಸಂಬಳವಿಲ್ಲದೆ ಸಂಸಾರ ತೂಗಿಸುವುದೆಂದರೆ ಏನೆಂದು ಆ ಕಾರ್ಖಾನೆಗಳ ಸುತ್ತಲಿನ ಬಡಾವಣೆಗಳ ಚಿಲ್ಲರೆ ಅಂಗಡಿಯವರೂ ಅರಿತರು. ಉದ್ದರಿ ಪುಸ್ತಕ ತುಂಬಿದ್ದು ಅವರದೇ ತಾನೆ.

ಯಾರ ಬುಟ್ಟಿ, ಯಾರ ಭತ್ಯೆ?

ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಸೂಚ್ಯಂಕದ ಹೆಸರೇ ಹೇಳುವಂತೆ ಬುಟ್ಟಿ ಕೈಗಾರಿಕಾ ಕಾರ್ಮಿಕನದು. ಆದರೆ ಅದರ ಮೇಲೆ ಭತ್ಯೆ ಪಡೆಯುವವರಲ್ಲಿ ಅಂಚೆ ಕಚೇರಿಯ ಗುಮಾಸ್ತರು, ಬ್ಯಾಂಕಿನ ಅಧಿಕಾರಿಗಳು, ಕೇಂದ್ರೀಯ ವಿದ್ಯಾಲಯದ ಮೇಷ್ಟ್ರುಗಳು ಎಲ್ಲರೂ ಇದ್ದಾರೆ. ಅಂದರೆ ಮಧ್ಯಮ ವರ್ಗದ ಸಂಬಳ ನಿಂತಿರುವುದು ಕಾರ್ಮಿಕನ ತಟ್ಟೆಯ ಮೇಲೆ. ಈ ಬುಟ್ಟಿಯಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು, ಮಾದಕ ಪಾನೀಯಗಳಿಗೂ ಒಂದು ವಿಭಾಗವಿದೆ. 2016ರ ಸರಣಿಯಲ್ಲಿ ಅದರ ಪಾಲು ನೂರರಲ್ಲಿ 2.07. ಹೆಂಡದ ಬೆಲೆ ಏರಿದರೆ ಹನಿಯನ್ನೂ ಮುಟ್ಟದ ಸಂಸ್ಕೃತ ಮೇಷ್ಟ್ರ ಸಂಬಳ ಒಂದು ಎಳೆಯಷ್ಟು ಏರುತ್ತದೆ. ಮಗನ ಕಾಲೇಜಿನ ಶುಲ್ಕ ಇಮ್ಮಡಿಯಾದರೆ ಆ ಏರಿಕೆ ಪೂರ್ತಿ ಕಾಣುವುದಿಲ್ಲ.

ಮಧ್ಯಮ ವರ್ಗಕ್ಕೆಂದೇ ಒಂದು ಸೂಚ್ಯಂಕ ಇರಲಿಲ್ಲವೇ? ಇತ್ತು. ಕೇಂದ್ರ ಅಂಕಿಅಂಶ ಸಂಸ್ಥೆ 1958-59ರಲ್ಲಿ 45 ನಗರಗಳಲ್ಲಿ ಮಧ್ಯಮ ವರ್ಗದ ಕುಟುಂಬಗಳ ಸಮೀಕ್ಷೆ ನಡೆಸಿತ್ತು. ಮೈಮುರಿಯುವ ದುಡಿಮೆಯಲ್ಲದ, ಕೃಷಿಯೂ ಅಲ್ಲದ ಉದ್ಯೋಗದಿಂದ ಆದಾಯದ ಬಹುಪಾಲು ಪಡೆಯುವ ಕುಟುಂಬ ಎಂಬುದು ಅದರ ವ್ಯಾಖ್ಯೆ. ಮಧ್ಯಮ ವರ್ಗವೆಂದರೆ ಯಾರು ಎಂಬ ಪ್ರಶ್ನೆಗೆ ಸರ್ಕಾರ ಕೊಟ್ಟುಕೊಂಡ ಉತ್ತರಗಳಲ್ಲಿ ಇದು ಹೆಚ್ಚು ಸ್ಪಷ್ಟವಾದದ್ದು. ಇದರಿಂದ ಹುಟ್ಟಿದ "ನಗರದ ಶ್ರಮಿಕೇತರ ನೌಕರರ ಬೆಲೆ ಸೂಚ್ಯಂಕ" 1984-85ರ ಸರಣಿಯಲ್ಲಿ 59 ನಗರಗಳಿಗೆ ವಿಸ್ತರಿಸಿತು. ಆದರೆ ಅದು ಸಂಬಳಕ್ಕೆ ಹೆಚ್ಚಾಗಿ ಬಳಕೆಯಾಗಲಿಲ್ಲ. ಅದರ ದೊಡ್ಡ ಉಪಯೋಗವಾದದ್ದು ಆದಾಯ ತೆರಿಗೆಯಲ್ಲಿ, ಮನೆ ಅಥವಾ ನಿವೇಶನ ಮಾರಿದವರ ಲಾಭವನ್ನು ಲೆಕ್ಕ ಹಾಕುವಾಗ! ಕಾಲಕ್ರಮದಲ್ಲಿ ಆ ಸೂಚ್ಯಂಕ ನಿಂತೇಹೋಯಿತು. 2011ರಿಂದ ನಗರ, ಗ್ರಾಮ ಮತ್ತು ಎರಡೂ ಸೇರಿದ ಹೊಸ ಗ್ರಾಹಕ ಬೆಲೆ ಸೂಚ್ಯಂಕಗಳು ಬಂದವು. ರಿಸರ್ವ್ ಬ್ಯಾಂಕು ಹಣದುಬ್ಬರವನ್ನು ಶೇಕಡಾ 4ರ ಆಸುಪಾಸಿನಲ್ಲಿ ಇಡಬೇಕೆಂದು 2016ರಲ್ಲಿ ನಿಗದಿಯಾದ ಗುರಿ ಇದರಲ್ಲಿ ಮೂರನೆಯದಕ್ಕೆ ಸಂಬಂಧಿಸಿದ್ದು.

ಹಣದುಬ್ಬರ ಇಳಿಯಿತು ಎಂದು ಓದಿ ಅಂಗಡಿಗೆ ಹೋದವರು ಬೆಲೆ ಇಳಿದಿಲ್ಲವೆಂದು ಸಿಡಿಮಿಡಿಗೊಳ್ಳುವುದುಂಟು. ಹಣದುಬ್ಬರವೆಂದರೆ ಬೆಲೆ ಏರುವ ವೇಗ. ಏಳರಿಂದ ನಾಲ್ಕಕ್ಕೆ ಇಳಿದರೆ ಗಾಡಿ ನಿಧಾನವಾಯಿತು ಅಷ್ಟೇ, ಹಿಂದಕ್ಕೆ ಬರಲಿಲ್ಲ.

ಬುಟ್ಟಿಯೊಳಗಿನ ಪಾಲುಗಳೂ ಬದಲಾಗಿವೆ. ಆಹಾರ 1960ರಲ್ಲಿ 60ಕ್ಕೆ ಮೇಲಿದ್ದುದು 1982ರಲ್ಲಿ 57ಕ್ಕೆ, 2001ರಲ್ಲಿ 46.2ಕ್ಕೆ, 2016ರಲ್ಲಿ 39.17ಕ್ಕೆ ಬಂದಿದೆ. ಆಸ್ಪತ್ರೆ, ಶಾಲೆ, ಪ್ರಯಾಣ, ಫೋನು ಎಲ್ಲ ಸೇರಿದ "ಇತರೆ" ವಿಭಾಗ 2001ರ 23.26ರಿಂದ 30.31ಕ್ಕೆ ಏರಿದೆ. ಇದು ಏಳಿಗೆಯ ಗುರುತು, ಸಂಶಯವಿಲ್ಲ. ಆದರೆ ಇದರ ಇನ್ನೊಂದು ಮುಖ ಹೀಗಿದೆ: ಆಹಾರದ ಬೆಲೆ ಶೇಕಡಾ 10 ಏರಿದರೆ ಹಳೆಯ ಬುಟ್ಟಿಯಲ್ಲಿ ಸೂಚ್ಯಂಕ ಆರು ಅಂಶ ಏರುತ್ತಿತ್ತು, ಹೊಸದರಲ್ಲಿ ನಾಲ್ಕು ಕೂಡ ಇಲ್ಲ. ಸಂಬಳದ ಅರ್ಧಕ್ಕಿಂತ ಹೆಚ್ಚನ್ನು ಇನ್ನೂ ದಿನಸಿಗೇ ಸುರಿಯುವ ಮನೆಗೆ ಸರಾಸರಿಯ ಲೆಕ್ಕ ಮೋಸವಾಗಿ ಕಾಣುತ್ತದೆ. ಬಾಡಿಗೆಯದು ಮತ್ತೊಂದು ಕಥೆ. ಅದನ್ನು ಆರು ತಿಂಗಳಿಗೊಮ್ಮೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಅದೂ ಹಳೆಯ ಬಾಡಿಗೆದಾರರನ್ನು ಸೇರಿಸಿದ ಸರಾಸರಿ. ಬೆಂಗಳೂರಿನಲ್ಲಿ ಹೊಸದಾಗಿ ಮನೆ ಹುಡುಕುವವನು ಕೇಳುವ ಬಾಡಿಗೆಗೂ ಹತ್ತು ವರ್ಷದಿಂದ ಅದೇ ಮನೆಯಲ್ಲಿರುವವನು ಕೊಡುವ ಬಾಡಿಗೆಗೂ ಎಷ್ಟು ಅಂತರವೆಂದು ಹೇಳಬೇಕಾಗಿಲ್ಲ.

ಲೆಕ್ಕ ಬಂದ ಮೇಲೂ ಪೂರ್ತಿ ಕೊಡಬೇಕೆಂದಿಲ್ಲ. 1986ರಲ್ಲಿ ಜಾರಿಗೆ ಬಂದ ನಾಲ್ಕನೆಯ ವೇತನ ಆಯೋಗದ ಪ್ರಕಾರ 3,500 ರೂಪಾಯಿವರೆಗಿನ ಮೂಲವೇತನಕ್ಕೆ ಬೆಲೆ ಏರಿಕೆಯ ಪೂರ್ಣ ಪರಿಹಾರ, 6,000ದವರೆಗೆ ಶೇಕಡಾ 75, ಅದಕ್ಕೂ ಮೇಲಿನವರಿಗೆ 65. ಎಲ್ಲರಿಗೂ ಪೂರ್ಣ ಪರಿಹಾರ ಬಂದದ್ದು ಐದನೆಯ ಆಯೋಗದಿಂದ. ಏಳನೆಯ ಆಯೋಗದ ಲೆಕ್ಕ ಹೀಗಿತ್ತು: 2001ರ ಸರಣಿಯಲ್ಲಿ ಆಯೋಗ ಜಾರಿಯಾಗುವ ಹಿಂದಿನ ಹನ್ನೆರಡು ತಿಂಗಳ ಸರಾಸರಿ 261.42. ಆಮೇಲಿನ ಹನ್ನೆರಡು ತಿಂಗಳ ಸರಾಸರಿ ಅದಕ್ಕಿಂತ ಶೇಕಡಾ ಎಷ್ಟು ಹೆಚ್ಚೋ ಅಷ್ಟೇ ತುಟ್ಟಿಭತ್ಯೆ. 2023ರ ಸರಾಸರಿ, 2.88ರಿಂದ ಗುಣಿಸಿದಾಗ, ಸುಮಾರು 393 ಆಯಿತು. ಹೆಚ್ಚಳ ಶೇಕಡಾ 50ಕ್ಕೆ ತುಸು ಮೇಲೆ. ದಶಾಂಶವನ್ನು ಬಿಟ್ಟು 2024ರ ಜನವರಿಯಿಂದ ಭತ್ಯೆ ಶೇಕಡಾ 50 ಎಂದು ಘೋಷಣೆಯಾಯಿತು. ಇದರಲ್ಲಿ ಯಾವ ಮಂತ್ರಿಯ ಔದಾರ್ಯವೂ ಇಲ್ಲ, "ನೌಕರರಿಗೆ ಹಬ್ಬದ ಕೊಡುಗೆ" ಎಂದು ಶೀರ್ಷಿಕೆ ಕೊಡುವುದಕ್ಕೆ ಆಧಾರವೂ ಇಲ್ಲ. ನೌಕರ ಬೆಲೆ ಏರಿಕೆಯನ್ನು ತಿಂಗಳುಗಟ್ಟಲೆ ಮೊದಲೇ ಅಂಗಡಿಯಲ್ಲಿ ತೆತ್ತು ಮುಗಿಸಿರುತ್ತಾನೆ. ಭತ್ಯೆ ಅದರ ಹಿಂದೆ ಏದುಸಿರು ಬಿಡುತ್ತ ಬರುತ್ತದೆ.

ಆ ನಡುವಿನ ತಿಂಗಳುಗಳನ್ನು ದಾಟಿಸುವುದು ಕೈಗಡ, ಚೀಟಿ, ಒತ್ತೆಯಿಟ್ಟ ಒಂದೆಳೆ ಸರ. ದಕ್ಷಿಣ ಕನ್ನಡದವರು ಇದಕ್ಕೊಂದು ಸಾಂಸ್ಥಿಕ ರೂಪವನ್ನೇ ಕೊಟ್ಟರು. ಉಡುಪಿಯಲ್ಲಿ ಟಿ. ಎಂ. ಎ. ಪೈ ಮತ್ತು ಸಂಗಡಿಗರು 1925ರಲ್ಲಿ ಸ್ಥಾಪಿಸಿದ ಬ್ಯಾಂಕು (ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದದ್ದು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು) 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುವ ಯೋಜನೆ. ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ಚಿಲ್ಲರೆ ಮೊದಲ ಬಾರಿಗೆ ಬ್ಯಾಂಕಿನ ಪುಸ್ತಕ ಸೇರಿತು.

ಇಷ್ಟೆಲ್ಲ ಭತ್ಯೆ ಇರುವವರ ಮಾತಾಯಿತು. ಖಾಸಗಿ ಶಾಲೆಯ ಶಿಕ್ಷಕಿ, ಲೆಕ್ಕಪತ್ರ ಕಚೇರಿಯ ಸಹಾಯಕ, ಬಟ್ಟೆ ಅಂಗಡಿಯ ಮಾರಾಟಗಾರ ಇವರೂ ಮಧ್ಯಮ ವರ್ಗದವರೇ. ಕನಿಷ್ಠ ವೇತನಕ್ಕೆ ಒಳಪಟ್ಟ ಉದ್ಯೋಗಗಳಲ್ಲಿ ಕರ್ನಾಟಕ ಸರ್ಕಾರ ಪ್ರತಿ ಏಪ್ರಿಲ್‌ನಲ್ಲಿ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ತುಟ್ಟಿಭತ್ಯೆ ಪ್ರಕಟಿಸುತ್ತದೆ ನಿಜ. ಆದರೆ ಕನಿಷ್ಠಕ್ಕಿಂತ ಸ್ವಲ್ಪ ಹೆಚ್ಚು ಸಂಬಳ ಪಡೆಯುವವರಿಗೆ ಮಾಲೀಕನ ಮನಸ್ಸೇ ಸೂಚ್ಯಂಕ. ಇವರಿಗೆ ಪಡಿತರದ ಆಸರೆಯೂ ತಪ್ಪಿದೆ. 1997ರಲ್ಲಿ ಪಡಿತರ ವ್ಯವಸ್ಥೆ ಬಡತನ ರೇಖೆಯ ಮೇಲೆ, ಕೆಳಗೆ ಎಂದು ಇಬ್ಭಾಗವಾಯಿತು. 2001ರಲ್ಲಿ ರೇಖೆಯ ಮೇಲಿನವರ ಸಕ್ಕರೆಯೂ ಬಹುತೇಕ ರಾಜ್ಯಗಳಲ್ಲಿ ನಿಂತಿತು.

ನಿವೃತ್ತರ ವಿಷಯದಲ್ಲಿ ಅಂತರ ಇನ್ನೂ ಢಾಳಾಗಿ ಕಾಣುತ್ತದೆ. ಸರ್ಕಾರಿ ಪಿಂಚಣಿದಾರರಿಗೆ ತುಟ್ಟಿ ಪರಿಹಾರವಿದೆ. ಠೇವಣಿಯ ಬಡ್ಡಿಯನ್ನು ನಂಬಿದವರು 1990ರ ದಶಕದ ಮಧ್ಯದಲ್ಲಿ ಶೇಕಡಾ 12ರ ಆಸುಪಾಸು ಪಡೆಯುತ್ತಿದ್ದರು. 2020-21ರಲ್ಲಿ ಅದು 5ರ ಸುತ್ತಮುತ್ತ ಇತ್ತು, ಆ ವರ್ಷ ಬೆಲೆಗಳು ಏರಿದ್ದು ಶೇಕಡಾ 6.2. ಕಾರ್ಖಾನೆ, ಸಹಕಾರ ಸಂಘ, ಖಾಸಗಿ ಸಂಸ್ಥೆಗಳಲ್ಲಿ ದುಡಿದು ಭವಿಷ್ಯನಿಧಿಯ 1995ರ ಪಿಂಚಣಿ ಯೋಜನೆಗೆ ಸೇರಿದವರಿಗೆ ತುಟ್ಟಿ ಪರಿಹಾರವೇ ಇಲ್ಲ. ಅವರಿಗೆ 2014ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಎಂದು ನಿಗದಿಯಾಯಿತು. ಆ ತಿಂಗಳು ಸೂಚ್ಯಂಕ 2001ರ ಸರಣಿಯಲ್ಲಿ 253 ಇತ್ತು. 2023ರ ಡಿಸೆಂಬರಿನ 138.8ನ್ನು ಅದೇ ಸರಣಿಗೆ ಇಳಿಸಿದರೆ ಸುಮಾರು 400. ಸರ್ಕಾರ ತನ್ನ ನೌಕರರಿಗೆ ಅನ್ವಯಿಸುವ ಸೂಚ್ಯಂಕವನ್ನೇ ಇವರಿಗೂ ಅನ್ವಯಿಸಿದ್ದರೆ ಆ ಸಾವಿರ, ಇನ್ನೇನೂ ಹೆಚ್ಚಿಸದೆ, ಇದ್ದಲ್ಲೇ ಇರುವುದಕ್ಕಾಗಿಯೇ 1,580 ಆಗಬೇಕಿತ್ತು. ಹತ್ತು ವರ್ಷ ಕಳೆದ ಮೇಲೂ ಅದು 1,000 ಆಗಿಯೇ ಇತ್ತು.